ನಾಲ್ಕನೆಯ ಬಳೆ

ನೋಡಿದ್ದೆನೋ, ಇಲ್ಲವೋ? ಸಹಿ ಹಾಕುವಾಗ ಕಣ್ಣು ಕಾಗದದ ಮೇಲೆ ಇದ್ದದ್ದಂತೂ ನಿಜ, ಆದರೆ ಇದ್ದ ಮಾತ್ರಕ್ಕೆ ನೋಡಿದಂತಾಗುವುದಿಲ್ಲವಲ್ಲ, ಕಣ್ಣು ಎಷ್ಟೋ ವಸ್ತುಗಳ ಮೇಲೆ ಇರುತ್ತದೆ, ಈಗ ಎದುರು ಸೀಟಿನ ಹೆಂಗಸಿನ ಕೈಚೀಲದ ಮೇಲಿದೆ, ಅದರ ಬಣ್ಣ ಯಾವುದೆಂದು ಇಳಿದ ಮೇಲೆ ಯಾರಾದರೂ ಕೇಳಿದರೆ ಹೇಳಲಾರೆ. ಹೀಗೆ ತನ್ನೊಂದಿಗೆ ತಾನೇ ವಾದಿಸುತ್ತ ರಾಮದಾಸ್ ಬೆಳಗಿನ ಆರೂವರೆಯ ಟ್ರಾಮಿನಲ್ಲಿ ಕುಳಿತಿದ್ದ. ವಾದ ಗೆಲ್ಲುತ್ತಿತ್ತು. ಅಷ್ಟು ಸುಲಭವಾಗಿ ಗೆಲ್ಲುತ್ತಿದ್ದುದರಿಂದಲೇ ಅವನಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ನಿನ್ನೆ ಸಂಜೆ ನಾಲ್ಕಕ್ಕೆ ಪರೀಕ್ಷಾ ಹಾಳೆಗಳ ಪ್ರತಿಯನ್ನು ಕಪಾಟಿಗೆ ಸೇರಿಸುವ ಮೊದಲು ಕಡತವನ್ನು ಸುಮ್ಮನೆ ಬಿಡಿಸಿದ್ದ. ಸುಮ್ಮನೆ ಎಂದು ಅವನು ಅಂದುಕೊಂಡಿದ್ದ, ಆದರೆ ಕೈ ನೇರವಾಗಿ ಆ ಹಾಳೆಗೇ ಹೋಗಿತ್ತು. ಮೂರನೆಯ ಬಳೆ: 58.2, 58.6, 58.4. ಅದರ ಕೆಳಗೆ ನಾಲ್ಕನೆಯ ಬಳೆ: 58.2, 58.6, 58.4. ಒಂದೇ ಕುಲುಮೆಯಲ್ಲಿ ಒಟ್ಟಿಗೆ ಕಾದು ಒಟ್ಟಿಗೆ ತಣಿದ ಎರಡು ಉಕ್ಕಿನ ಬಳೆಗಳ ಗಟ್ಟಿತನ ಹತ್ತಿರ ಹತ್ತಿರ ಇರಬಹುದು. ಮೂರು ಜಾಗದಲ್ಲೂ, ಅದೇ ಅನುಕ್ರಮದಲ್ಲಿ, ದಶಾಂಶದವರೆಗೂ ಒಂದೇ ಆಗಿರುವುದಿಲ್ಲ. ಯಾರೋ ಮೇಲಿನ ಸಾಲನ್ನು ನೋಡಿ ಕೆಳಗೆ ಬರೆದಿದ್ದಾರೆ. ಯಾರೋ ಏನು, ಹಾಳೆಯ ಬುಡದಲ್ಲಿ ಎರಡು ಸಹಿಗಳಿದ್ದವು. ಅಳೆದವನು ಸ್ಯಾವಿಯೊ. ಪರಿಶೀಲಿಸಿದವನು ರಾಮದಾಸ್. ಆರೂ ಬಳೆಗಳು ಪೆಟ್ಟಿಗೆಯೊಳಗೆ ಸೇರಿ, ಪೆಟ್ಟಿಗೆಗೆ ಸೀಲು ಬಿದ್ದು, ಇಂದು ಮಧ್ಯಾಹ್ನ ಎರಡಕ್ಕೆ ಲಾರಿ ಬರುವುದಿತ್ತು. ಇವತ್ತು ಹೇಳುತ್ತೇನೆ ಎಂದು ಅವನು ಎದ್ದಾಗಲೇ ನಿರ್ಧರಿಸಿದ್ದ. ಹಲ್ಲುಜ್ಜುವಾಗ ಮತ್ತೊಮ್ಮೆ ನಿರ್ಧರಿಸಿದ. ಟ್ರಾಮು ಕಾಲುವೆ ದಾಟಿದಾಗ ನಿರ್ಧಾರ ಇನ್ನೂ ಅಲ್ಲೇ ಇದೆಯೇ ಎಂದು, ಜೇಬು ಮುಟ್ಟಿ ನೋಡಿಕೊಳ್ಳುವವನಂತೆ ಪರೀಕ್ಷಿಸಿಕೊಂಡ. ಇತ್ತು.

ಬಳೆಗಳು ಹೋಗಲಿದ್ದ ಹಡಗಿನ ಹೆಸರನ್ನು ಕಾರ್ಖಾನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಹ್ಯಾನೋವರಿನ ಅಂಚಿನ ಎಂಬತ್ತು ಜನರ ಆ ಚಿಕ್ಕ ಕಾರ್ಖಾನೆಗೆ ಕೆಲಸ ಬಂದದ್ದು ಮಧ್ಯವರ್ತಿ ಕಂಪನಿಯೊಂದರ ಮೂಲಕ. ನಕ್ಷೆಯ ಮೇಲೆ ದೇಶದ ಹೆಸರಿರಲಿಲ್ಲ, ಸಂಖ್ಯೆ ಮಾತ್ರ ಇತ್ತು, ಮೂಲೆಯಲ್ಲಿ ಮಸುಕಾದ ಲಂಗರಿನ ಮುದ್ರೆ. ಆದರೂ ಎಲ್ಲರಿಗೂ ಗೊತ್ತಿತ್ತು. ಅಣುಶಕ್ತಿಯಿಂದ ನಡೆಯುವ ವಿಮಾನವಾಹಕ ನೌಕೆ, ಅದರ ಹೊಟ್ಟೆಯಲ್ಲಿ ಉಗಿಯನ್ನು ಮತ್ತೆ ನೀರಾಗಿಸಲು ಸಮುದ್ರವನ್ನೇ ಒಳಗೆ ಎಳೆದುಕೊಳ್ಳುವ ಪಂಪುಗಳು, ಆ ಪಂಪುಗಳಲ್ಲಿ ನೀರು ಸೋರದಂತೆ ತಡೆದು ಕೂರುವ ಬಳೆಗಳು. ಊಟದ ತಟ್ಟೆಯಷ್ಟು ಅಗಲ, ಎರಡು ಬೆರಳು ದಪ್ಪ. ಮೊದಲು ಅವನ್ನು ಮಾಡುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅವನ್ನು ಲೇತಿನಲ್ಲಿ ಕಡೆಯುತ್ತಿದ್ದ ಕೈಗಳು ನಿವೃತ್ತಿಯಾಗಿ, ಕೆಲವು ಸತ್ತೂ ಹೋಗಿದ್ದವು. ಹಡಗು ಮಾತ್ರ ಇನ್ನೂ ಇಪ್ಪತ್ತು ವರ್ಷ ಓಡಬೇಕಿತ್ತು. ಇಂಥ ಹಡಗುಗಳು ತಮ್ಮ ಬಿಡಿಭಾಗ ಮಾಡಿದವರಿಗಿಂತ ಹೆಚ್ಚು ಕಾಲ ಬದುಕುತ್ತವೆ ಎಂಬುದು ಕೆಲಸಕ್ಕೆ ಸೇರಿದ ಮೊದಲ ವಾರ ರಾಮದಾಸನಿಗೆ ಹೊಳೆದು, ಆ ರಾತ್ರಿ ಅವನಿಗೆ ಯಾಕೋ ಅವಮಾನವಾದಂತೆ ಅನಿಸಿತ್ತು. ಆರರಲ್ಲಿ ನಾಲ್ಕು ಬಳೆ ಪಂಪುಗಳಿಗೆ. ಎರಡು ಹಡಗಿನ ಉಗ್ರಾಣಕ್ಕೆ. ಯಾವ ನಾಲ್ಕು, ಯಾವ ಎರಡು ಎಂಬುದು ಇಲ್ಲಿ ಯಾರಿಗೂ ತಿಳಿಯದು. ನಾಲ್ಕನೆಯದು ಎಣ್ಣೆಕಾಗದದಲ್ಲಿ ಸುತ್ತಿಕೊಂಡು ಹನ್ನೆರಡು ವರ್ಷ ಕಪಾಟಿನಲ್ಲಿ ಮಲಗಿರಬಹುದು. ಎಲ್ಲೋ ನಡುಸಮುದ್ರದಲ್ಲಿ, ಹಳೆಯದು ಸವೆದುಹೋದಾಗ, ಇನ್ನೂ ಹುಟ್ಟಿಯೇ ಇಲ್ಲದ ಯಾವನೋ ನಾವಿಕ ಅದನ್ನು ಎತ್ತಿಕೊಂಡು ಜೊತೆಗಿದ್ದ ಹಾಳೆಯ ಮೇಲಿನ ಎರಡು ಸಹಿಗಳನ್ನು ನಂಬಬಹುದು. ಹುಟ್ಟಿಯೇ ಇಲ್ಲದ ಅಂದರೆ ಅತಿಯಾಯಿತು, ಈಗ ಆರನೆಯ ತರಗತಿಯಲ್ಲಿರುವ ಎಂದು ಅವನು ತನ್ನನ್ನು ತಿದ್ದಿಕೊಂಡ. ಯುದ್ಧದ ಹಡಗಿಗೆ ದುಡಿಯುವುದರ ಬಗ್ಗೆ ಅವನಿಗೆ ಮೊದಲಿನಿಂದ ಒಂದು ಇರುಸುಮುರುಸಿತ್ತು. ಉಡುಪಿಯಿಂದ ಅಕ್ಕ ಫೋನಿನಲ್ಲಿ ಏನು ಮಾಡುತ್ತಿ ಅಲ್ಲಿ ಎಂದು ಕೇಳಿದರೆ ಪಂಪಿನ ಭಾಗ ಎನ್ನುತ್ತಿದ್ದ. ಆದರೆ ಈಗ ವಿಚಿತ್ರವೆಂದರೆ ಆ ಹಡಗಿನ ಮೇಲಿನ ವಿಮಾನಗಳು ಎಲ್ಲಿ ಏನು ಉದುರಿಸುತ್ತವೆ ಎಂಬುದಕ್ಕಿಂತ, ಅದರೊಳಗೆ ಮಲಗುವ ಎರಡು ಸಾವಿರ ಜನರ ಕಾಲಡಿಯಲ್ಲಿ ತನ್ನ ಸಹಿ ಇದೆ ಎಂಬುದೇ ಅವನನ್ನು ಹೆಚ್ಚು ಕಾಡುತ್ತಿತ್ತು.

ಎರಡು ಸಹಿಯ ನಿಯಮಕ್ಕೆ ಇಲ್ಲಿ ನಾಲ್ಕು ಕಣ್ಣಿನ ನಿಯಮ ಎಂದು ಹೆಸರು. ಒಬ್ಬ ಅಳೆದು ಬರೆಯಬೇಕು, ಇನ್ನೊಬ್ಬ ಆರರಲ್ಲಿ ಎರಡನ್ನಾದರೂ ಮತ್ತೆ ಅಳೆದು, ಹಾಳೆಯನ್ನು ಸಾಲು ಸಾಲಾಗಿ ಓದಿ, ಸಹಿ ಹಾಕಬೇಕು. ಜರ್ಮನರು ಇದನ್ನು ಮುಖ ನೋಡದೆ ಮಾಡುತ್ತಾರೆ. ಮೂವತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳೆದು, ತಪ್ಪು ಸಿಕ್ಕರೆ ಜೋರಾಗಿ ಹೇಳಿ, ಹನ್ನೆರಡಕ್ಕೆ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ಸೇರಿದ ಮೊದಲ ತಿಂಗಳು ರಾಮದಾಸನೂ ಹಾಗೆಯೇ ಮಾಡಿದ್ದ. ಸ್ಯಾವಿಯೊ ಅಳೆದಿಟ್ಟ ಎರಡು ವಾಲ್ವುಗಳನ್ನು ಎತ್ತಿಕೊಂಡು ಗಟ್ಟಿತನ ಅಳೆಯುವ ಯಂತ್ರದ ಕೆಳಗಿಟ್ಟಾಗ, ಆಚೆ ಬದಿಯಿಂದ ಸ್ಯಾವಿಯೊ ನೋಡಿದ. ಆಮೇಲೆ ಎರಡು ದಿನ ಟ್ರಾಮಿನಲ್ಲಿ ಅವನ ಪಕ್ಕ ಕೂರಲಿಲ್ಲ. ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯಲ್ಲಿದ್ದವನು, ಈ ಕೆಲಸಕ್ಕೆ ಅವನ ಹೆಸರು ಹೇಳಿದವನು, ಬಂದಿಳಿದ ದಿನ ನಿಲ್ದಾಣದಿಂದ ಕರೆದುಕೊಂಡು ಹೋಗಿ ಹನ್ನೊಂದು ದಿನ ಮನೆಯಲ್ಲಿಟ್ಟುಕೊಂಡವನು, ಅವನ ಕೈಕೆಲಸದ ಮೇಲೆ ಅಳತೆಯ ಸೂಜಿ ಇಡುವುದು ಎಂದರೆ ಅವನ ಮನೆಯ ಅನ್ನ ಮೂಸಿ ನೋಡಿದಂತೆ. ಮೂರನೆಯ ದಿನ ಸ್ಯಾವಿಯೊನೇ ಬಂದು ಕುಳಿತು ನಗುತ್ತ, ನನ್ನ ಮೇಲೆ ಡೌಟು ಉಂಟಾ ನಿಂಗೆ, ಎಂದಿದ್ದ. ನೀನು ನೋಡಿದ ಮೇಲೆ ನಾನೆಂತ ನೋಡುದು ಎಂದು ರಾಮದಾಸ್ ಅಂದ. ಅಂದಿನಿಂದ ಹಾಗೆಯೇ ನಡೆಯಿತು. ಸ್ಯಾವಿಯೊ ಬರೆದದ್ದಕ್ಕೆ ಅವನು, ಅವನು ಬರೆದದ್ದಕ್ಕೆ ಸ್ಯಾವಿಯೊ. ಹದಿಮೂರು ತಿಂಗಳು. ಅದು ಸ್ನೇಹ ಎಂದು ಇಬ್ಬರಿಗೂ ಅನಿಸಿತ್ತು. ನಾಲ್ಕು ಕಣ್ಣುಗಳಲ್ಲಿ ಎರಡು ಸದಾ ಮುಚ್ಚಿದ್ದವು.

ಏಳಕ್ಕೆ ಸ್ಯಾವಿಯೊ ಬಂದ. ಶರ್ಲಿ ಕೊಟ್ಟಿದ್ದಾಳೆಂದು ಒಂದು ಡಬ್ಬಿ ಮೇಜಿನ ಮೇಲಿಟ್ಟ. ಅವನ ಹೆಂಡತಿ ವಾರಕ್ಕೊಮ್ಮೆಯಾದರೂ ಹೀಗೆ ಒಂಟಿ ಗೆಳೆಯನಿಗೆ ಮೀನಿನದೋ ಕೋಳಿಯದೋ ಪದಾರ್ಥ ಕಳಿಸುತ್ತಿದ್ದಳು. ಡಬ್ಬಿ ಇನ್ನೂ ಬೆಚ್ಚಗಿತ್ತು. ಅದನ್ನು ಮುಟ್ಟಿದಾಗ ರಾಮದಾಸನ ನಿರ್ಧಾರ ಒಂದು ಕ್ಷಣ ಅಲ್ಲಾಡಿತು, ಆಮೇಲೆ ಮೊದಲಿಗಿಂತ ಗಟ್ಟಿಯಾಗಿ ನಿಂತಿತು. ಕಾರಣ ಅವನಿಗೇ ತಿಳಿಯಲಿಲ್ಲ. ಒಂಬತ್ತರ ವಿರಾಮದಲ್ಲಿ ಅವನು ಸ್ಯಾವಿಯೊನನ್ನು ಹಿಂದಿನ ಅಂಗಳಕ್ಕೆ, ಸೈಕಲ್ಲುಗಳನ್ನು ನಿಲ್ಲಿಸುವ ತಗಡಿನ ಚಾವಣಿಯ ಕೆಳಗೆ ಕರೆದುಕೊಂಡು ಹೋಗಿ ಹಾಳೆಯ ಪ್ರತಿಯನ್ನು ಬಿಡಿಸಿದ. ಸ್ಯಾವಿಯೊ ಓದಲಿಲ್ಲ. ಒಮ್ಮೆ ಕಣ್ಣು ಹಾಯಿಸಿ ಕಾಲುವೆಯ ಕಡೆ ನೋಡತೊಡಗಿದ. ಆಮೇಲೆ ಹೇಳಿದ: ಅಳೆಯುವ ದಿನ ನಾಲ್ಕನೆಯದನ್ನು ಯಂತ್ರದ ಕೆಳಗಿಡುವಷ್ಟರಲ್ಲಿ ಮಗಳ ಶಿಶುವಿಹಾರ ಕಿಟಾದಿಂದ ಫೋನ್ ಬಂದಿತ್ತು, ಸ್ಯಾಂಡ್ರಾಳಿಗೆ ಜ್ವರ ಎಂದು. ಮೂರು ವರ್ಷದ ಮಗು. ಶರ್ಲಿಗೆ ಆ ದಿನ ಭಾಷೆಯ ಪರೀಕ್ಷೆ. ಹೋಗಿ ಮಗುವನ್ನು ನೆರೆಮನೆಯವರ ಬಳಿ ಬಿಟ್ಟು ಬಂದು ಐದು, ಆರು ಮುಗಿಸಿದ. ನಾಲ್ಕು ಮುಗಿದಿದೆ ಎಂದೇ ಅಂದುಕೊಂಡಿದ್ದ. ಬರೆಯಲು ಕೂತಾಗ ಆ ಸಾಲು ಖಾಲಿ ಇತ್ತು, ಬಳೆಗಳು ಆಗಲೇ ಎಣ್ಣೆಕಾಗದದಲ್ಲಿ ಸುತ್ತಿಯಾಗಿತ್ತು.

"ಅದೇ ಕುಲುಮೆ, ಅದೇ ಉಕ್ಕು ಮಾರಾಯ. ಬೇರೆ ಎಂತ ಬರ್ತದೆ ಅದರಲ್ಲಿ?"

ಬೇರೆ ಬರಬಹುದು, ಕುಲುಮೆಯ ಬಾಗಿಲ ಬದಿಯಲ್ಲಿದ್ದರೆ ಮೆತ್ತಗಾಗಿರಬಹುದು ಎಂದು ರಾಮದಾಸ್ ಹೇಳಿದ. ಇಬ್ಬರೂ ಲೋಹಶಾಸ್ತ್ರ ಓದಿದವರು, ಹೇಳುವ ಅಗತ್ಯವಿರಲಿಲ್ಲ. ಸ್ಯಾವಿಯೊ ದನಿ ತಗ್ಗಿಸಿ ಒಂದು ಉಪಾಯ ಹೇಳಿದ. ಪ್ಯಾಕಿಂಗಿನ ಕೋಣೆಯ ಕೀಲಿ ತನ್ನ ಬಳಿ ಉಂಟು. ಹನ್ನೆರಡಕ್ಕೆ ಎಲ್ಲರೂ ಊಟಕ್ಕೆ ಹೋದಾಗ ಪೆಟ್ಟಿಗೆ ತೆಗೆದು, ಬಳೆಯನ್ನು ಯಂತ್ರದ ಕೆಳಗಿಟ್ಟು, ವಜ್ರದ ಮೊನೆಯಿಂದ ಮೂರು ಗುಳಿ ಒತ್ತಿ, ಮತ್ತೆ ಮುಚ್ಚಿದರಾಯಿತು. ಅಳತೆ ಸರಿ ಬಂದರೆ ಯಾರಿಗೂ ಏನೂ ಇಲ್ಲ. ಸೀಲು? ಸೀಲಿನ ಸುರುಳಿ ಕಪಾಟಿನಲ್ಲೇ ಇತ್ತು. ಸಂಖ್ಯೆ ಬದಲಾದರೆ ಹಾಳೆ ಇನ್ನೊಮ್ಮೆ ಬರೆದು ಸಹಿ ಹಾಕಿದರಾಯಿತು. ಅದು ಅಸಾಧ್ಯವಾದ ಮಾತಾಗಿರಲಿಲ್ಲ. ಇಪ್ಪತ್ತು ನಿಮಿಷದ ಕೆಲಸ. ಬಳೆ ನಿಜವಾಗಿಯೂ ಪರೀಕ್ಷೆಯಾದಂತಾಗುತ್ತದೆ, ಆ ನಾವಿಕನೂ ಬದುಕಿಕೊಳ್ಳುತ್ತಾನೆ. ರಾಮದಾಸ್ ಅದನ್ನು ಪ್ರಾಮಾಣಿಕವಾಗಿ ಯೋಚಿಸಿದ. ಯೋಚಿಸಿದಂತೆ ಅವನಿಗೆ ತಿಳಿದದ್ದು ಇಷ್ಟು. ತನಗೆ ಬೇಕಾದದ್ದು ಬಳೆ ಗಟ್ಟಿಯಾಗಿದೆ ಎಂಬ ಖಾತ್ರಿ ಮಾತ್ರವಲ್ಲ. ಒಂದು ಸುಳ್ಳನ್ನು ಮುಚ್ಚಲು ಪೆಟ್ಟಿಗೆ ತೆರೆದರೆ, ಇನ್ನು ಮುಂದೆ ಯಾವ ಪೆಟ್ಟಿಗೆ ಮುಚ್ಚಿದಾಗಲೂ ತನಗೆ ಅದರೊಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಬೇಡ ಎಂದ. ಡೆಟ್ಮರ್ ಅವರ ಹತ್ತಿರ ಹೋಗಿ ಹೇಳುತ್ತೇನೆ ಎಂದ. ಗುಣಮಟ್ಟ ವಿಭಾಗದ ಮುಖ್ಯಸ್ಥೆ ಅವರು.

"ನಿಂಗೆ ಗೊತ್ತುಂಟಲ್ಲ," ಸ್ಯಾವಿಯೊ ಹೇಳಿದ, "ಮುಂದಿನ ಗುರುವಾರ ನನ್ನ ಟೆರ್ಮಿನ್."

ಗೊತ್ತಿತ್ತು. ಸ್ಯಾವಿಯೊನ ಬ್ಲೂ ಕಾರ್ಡಿಗೆ, ಅಂದರೆ ಕೆಲಸದ ಪರವಾನಗಿಗೆ, ಮೂವತ್ತಮೂರು ತಿಂಗಳು ತುಂಬಿತ್ತು. ವಿದೇಶಿಯರ ಕಚೇರಿಯಲ್ಲಿ ಕಾಯಂ ವಾಸದ ಪರವಾನಗಿಗೆ ಆ ಟೆರ್ಮಿನ್, ಅಂದರೆ ಭೇಟಿಯ ಸಮಯ, ಸಿಗಲು ಐದು ತಿಂಗಳು ಕಾದಿದ್ದ. ಕೆಲಸ ಭದ್ರವಾಗಿದೆ ಎಂದು ಕಂಪನಿ ಒಂದು ಪತ್ರ ಕೊಡಬೇಕು. ಅದಿಲ್ಲದೆ ಹೋದರೆ ಮೇಜಿನ ಆಚೆಯವರು ಮುಂದಿನ ಸಂಖ್ಯೆಯನ್ನು ಕರೆಯುತ್ತಾರೆ. ಜನವರಿಯಲ್ಲಿ ತಂಗಿಯ ಮದುವೆ, ಮಂಗಳೂರಿಗೆ ಮೂವರದ್ದೂ ಟಿಕೆಟು ಆಗಿತ್ತು. ರಾಮದಾಸನ ಕಾರ್ಡಿಗೆ ಹದಿನಾಲ್ಕೇ ತಿಂಗಳು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದದ್ದರಿಂದ ಅವನ ಕಾರ್ಡಿನಲ್ಲಿ ಮನೆತನದ ಹೆಸರು ರಾಮದಾಸ್ ಎಂದೂ, ಸ್ವಂತ ಹೆಸರಿನ ಜಾಗದಲ್ಲಿ ಒಂದು ಕೂಡಿಸುವ ಚಿಹ್ನೆಯೂ ಅಚ್ಚಾಗಿದ್ದವು. ಈ ಕೆಲಸ ಹೋದರೆ ಇನ್ನೊಂದು ಹುಡುಕಲು ಮೂರು ತಿಂಗಳು, ಆಮೇಲೆ ಆ ಚಿಹ್ನೆಯೂ ಇಲ್ಲ. ಹೆದರಿಕೆ ಇಬ್ಬರದೂ ಒಂದೇ ಎಂದು ಹೇಳಬೇಕೆನಿಸಿತು. ನಿನಗೆ ಹೆಂಡತಿ ಮಗು ಇಲ್ಲ ಎಂಬ ಉತ್ತರ ಬರುತ್ತದೆಂದು ಸುಮ್ಮನಾದ. ನನ್ನದು ಮಾತ್ರ ಹೇಳುತ್ತೇನೆ, ನೋಡದೆ ಸಹಿ ಹಾಕಿದೆ ಎಂದು ಮಾತ್ರ, ನೀನು ಬರೆದದ್ದರ ಬಗ್ಗೆ ಏನೂ ಹೇಳುವುದಿಲ್ಲ ಎಂದ.

ಸ್ಯಾವಿಯೊ ಆ ಬೆಳಿಗ್ಗೆ ಮೊದಲ ಸಲ ನಕ್ಕ. "ಹಾಳೆಯಲ್ಲಿ ನನ್ನ ಅಕ್ಷರ ಉಂಟಲ್ಲ ಮಾರಾಯ. ನೀನು ಹೇಳುದೆಂತಕ್ಕೆ?" ಒಳಗೆ ಹೋಗುವ ಮೊದಲು, ಬೆನ್ನು ತಿರುಗಿಸಿಕೊಂಡೇ, "ನಿಂಗೆ ಹೇಳಿ ಹಗುರ ಆಗ್ಬೇಕು, ಅಷ್ಟೇ. ಭಾರ ನಂಗೆ," ಎಂದ.

ಹನ್ನೊಂದಕ್ಕೆ ಡೆಟ್ಮರ್ ಅವರ ಕೋಣೆಯ ಹೊರಗೆ ರಾಮದಾಸ್ ಕಾದು ಕುಳಿತ. ಗಾಜಿನ ಬಾಗಿಲಿನ ಒಳಗೆ ಅವರು ಫೋನಿನಲ್ಲಿದ್ದರು. ಅವನನ್ನು ನೋಡಿ ಐದು ಬೆರಳು ತೋರಿಸಿದರು, ಐದು ನಿಮಿಷ. ಹತ್ತಾಯಿತು. ಹೇಳಬೇಕಾದ ಜರ್ಮನ್ ವಾಕ್ಯವನ್ನು ಅವನು ಮನಸ್ಸಿನಲ್ಲಿ ಜೋಡಿಸುತ್ತಿದ್ದ. ಕಳೆದ ತಿಂಗಳು ಅವನ ಒಂದು ಮಿಂಚಂಚೆಯನ್ನು ಅವರು ಕೆಂಪು ಬಣ್ಣದಲ್ಲಿ ತಿದ್ದಿ, ಇತರ ನಾಲ್ವರಿಗೂ ಪ್ರತಿ ಹಾಕಿ, ಕಲಿಯಲು ಅನುಕೂಲವಾಗಲಿ ಎಂದು ಕಳಿಸಿದ್ದರು. ಅದರಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಅದೇ ಹೆಚ್ಚು ನೋಯಿಸಿದ್ದು. ನಾನು, ಹಾಳೆ, ನೋಡದೆ, ಸಹಿ. ಕ್ರಿಯಾಪದ ಕೊನೆಗೆ. ನೋಡದೆ. ಆ ಒಂದು ಪದದ ಬಳಿ ವಾಕ್ಯ ಪ್ರತಿ ಸಲ ನಿಲ್ಲುತ್ತಿತ್ತು, ಮತ್ತು ಪ್ರತಿ ಸಲ ನಿಂತಾಗಲೂ ಸಹಿ ಹಾಕಿದ ಆ ಮಧ್ಯಾಹ್ನ ಇನ್ನಷ್ಟು ಬೆಳಕಾಗಿ ಎದುರು ಬರುತ್ತಿತ್ತು. ಕ್ಯಾಂಟೀನಿನಿಂದ ಹುರಿದ ಈರುಳ್ಳಿಯ ವಾಸನೆ ಬರುತ್ತಿತ್ತು. ಆ ದಿನ ಸ್ಯಾವಿಯೊ ಜಾಕೀಟು ತೊಟ್ಟುಕೊಂಡು, ಚೀಲ ಹೆಗಲಿಗೇರಿಸಿ, ಹಾಳೆಯನ್ನು ಅವನ ಮುಂದಿಟ್ಟು ಪೆನ್ನನ್ನೂ ಕೊಟ್ಟಿದ್ದ. ಮಗುವಿಗೆ ಔಷಧ ತರಲು ಅಂಗಡಿ ಮುಚ್ಚುವುದರೊಳಗೆ ಹೋಗಬೇಕಿತ್ತು. ಕಣ್ಣು ಮೊದಲ ಸಾಲಿನ ಮೇಲೆ ಹೋಯಿತು. ಎರಡನೆಯದು. ಮೂರನೆಯದು. ನಾಲ್ಕನೆಯದು. ಆಮೇಲೆ ಕಣ್ಣು ಕೆಳಗಿಳಿಯದೆ ಮೇಲೆ ಹೋಯಿತು, ಮತ್ತೆ ಮೂರನೆಯದಕ್ಕೆ. ಮತ್ತೆ ನಾಲ್ಕಕ್ಕೆ. ಪೆನ್ನು ಗಾಳಿಯಲ್ಲಿ ನಿಂತಿತ್ತು. ಇವೆರಡೂ ಒಂದೇ ಉಂಟಲ್ಲ ಎಂಬ ಮೂರು ಪದ ನಾಲಿಗೆಯ ಮೇಲೆ ಬಂದು ಕುಳಿತದ್ದೂ ಈಗ ನೆನಪಾಯಿತು. ಅವನು ತಲೆಯೆತ್ತಿದ. ಸ್ಯಾವಿಯೊನ ಮುಖದಲ್ಲಿ ಅವಸರವಿತ್ತು, ಅವಸರದ ಹಿಂದೆ ಆ ಎರಡು ದಿನದ ಟ್ರಾಮಿನ ಖಾಲಿ ಸೀಟು ಇತ್ತು. ಅವನು ಸಹಿ ಹಾಕಿದ. ಪೆನ್ನನ್ನು ಹಿಂದಿರುಗಿಸಿ, ಮಗು ಹೇಗಿದೆ ಎಂದು ಕೇಳಿದ.

ಬಾಗಿಲು ತೆರೆಯಿತು. ಅವನು ಒಳಗೆ ಹೋಗಿ, ಕೂರಲು ಹೇಳುವ ಮೊದಲೇ, ನಿಂತುಕೊಂಡೇ ಹೇಳಿದ. ಬಳೆ ನಾಲ್ಕರ ಅಳತೆ ನಂಬುವಂತಿಲ್ಲ, ಪೆಟ್ಟಿಗೆ ಹೋಗಬಾರದು. ವ್ಯಾಕರಣ ತಪ್ಪಿತು, ಅದನ್ನು ಅವನು ತಿದ್ದಿಕೊಳ್ಳಲಿಲ್ಲ. ಡೆಟ್ಮರ್ ಹಾಳೆಯನ್ನು ತೆಗೆದುಕೊಂಡು ಕನ್ನಡಕ ಮೇಲೆ ಸರಿಸಿ, ಎರಡು ಸಾಲನ್ನೂ ಬೆರಳಿನಿಂದ ಓದಿದರು. ಲಾರಿಯವರಿಗೆ ಫೋನ್ ಮಾಡಿ ಇಂದು ಬೇಡ ಎಂದರು. ಆಮೇಲೆ ಮೇಜಿನ ಖಾನೆಯಿಂದ ಒಂದು ನಮೂನೆ ತೆಗೆದು, ತಾರೀಖು ಬರೆದು, ಅವನ ಮುಖ ನೋಡಿದರು.

"ಒಂದು ಪ್ರಶ್ನೆ, ರಾಮದಾಸ್ ಅವರೆ. ನೀವು ಇದನ್ನು ನೋಡಲಿಲ್ಲವೋ, ಅಥವಾ ನೋಡಿಯೂ ಸಹಿ ಮಾಡಿದಿರೋ? ಇವೆರಡೂ ಬೇರೆ ಬೇರೆ."

ಬೇರೆ ಬೇರೆ ಎಂದು ಅವನಿಗೂ ಗೊತ್ತಿತ್ತು. ಒಂದಕ್ಕೆ ಎರಡು ದಿನದ ತರಬೇತಿ, ಇನ್ನೊಂದಕ್ಕೆ ಕೆಲಸವೇ ಹೋಗುತ್ತದೆ. "ನೋಡದೆ ಸಹಿ ಮಾಡಿದೆ," ಎಂದ. ಅವರು ಅದನ್ನೇ ಬರೆದುಕೊಂಡರು.

ಹನ್ನೆರಡೂವರೆಗೆ ಪೆಟ್ಟಿಗೆ ತೆರೆದರು. ಡೆಟ್ಮರ್, ರಾಮದಾಸ್, ಸ್ಯಾವಿಯೊ. ಎಣ್ಣೆಕಾಗದ ಬಿಡಿಸಿ ನಾಲ್ಕನೆಯ ಬಳೆಯನ್ನು ದೀಪದ ಕೆಳಗೆ ತಿರುಗಿಸಿದರು. ಉಳಿದ ಐದರ ಹಿಂಬದಿಯಲ್ಲೂ ಅಳೆದಾಗ ಬಿದ್ದ, ಸಾಸಿವೆ ಕಾಳಿನ ಗುರುತಿನಂಥ ಮೂರು ಮೂರು ಗುಳಿಗಳಿದ್ದವು. ಇದರ ಬೆನ್ನು ನುಣುಪಾಗಿತ್ತು. ಡೆಟ್ಮರ್ ತಾವೇ ಅದನ್ನು ಯಂತ್ರದ ಕೆಳಗಿಟ್ಟು ಒತ್ತಿದರು. 58.5. 58.1. 58.4. ನಕ್ಷೆ ಕೇಳಿದ್ದು ಐವತ್ತೇಳರಿಂದ ಅರವತ್ತು. ಬಳೆ ಚೆನ್ನಾಗಿತ್ತು. ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಸ್ಯಾವಿಯೊ ಆಗ ರಾಮದಾಸನನ್ನು ನೋಡಿದ, ಆ ನೋಟದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ನೋಡುವ ಒಂದು ಬಗೆಯ ಆಯಾಸವಿತ್ತು. ಇಷ್ಟರಲ್ಲೂ ರಾಮದಾಸನಿಗೆ ಪಶ್ಚಾತ್ತಾಪವಾಗಲಿಲ್ಲ. ಬಳೆ ಚೆನ್ನಾಗಿರುವುದು ಈಗ ಗೊತ್ತಾಯಿತು, ಬೆಳಿಗ್ಗೆ ಗೊತ್ತಿರಲಿಲ್ಲ ಎಂದು ಅವನು ಹಲ್ಲು ಕಚ್ಚಿ ತನಗೆ ಹೇಳಿಕೊಂಡ. ಅದು ನಿಜವೂ ಆಗಿತ್ತು. ಪೆಟ್ಟಿಗೆ ಮರುದಿನ ಹೋಯಿತು.

ನಂತರದ್ದೆಲ್ಲ ಕಾಗದಗಳ ಮೂಲಕ ನಡೆಯಿತು. ಸ್ಯಾವಿಯೊನಿಗೆ ಲಿಖಿತ ಎಚ್ಚರಿಕೆ ಬಂತು. ಇನ್ನೊಮ್ಮೆ ಹೀಗಾದರೆ ಕೆಲಸ ಹೋಗುತ್ತದೆ ಎಂಬುದು ಅದರ ಅರ್ಥ. ವಿಚಾರಣೆ ಮುಗಿಯುವವರೆಗೆ ಕಚೇರಿಗೆ ಬೇಕಾದ ಪತ್ರ ಕೊಡಲಾಗದು ಎಂದು ಕಂಪನಿ ಹೇಳಿತು. ವಿಚಾರಣೆಗೆ ಮೂರು ವಾರ ಹಿಡಿಯಿತು. ಗುರುವಾರದ ಟೆರ್ಮಿನ್ ಕಳೆದುಹೋಗಿ ಮುಂದಿನದು ಮಾರ್ಚಿಗೆ ಸಿಕ್ಕಿತು. ಈ ನಡುವೆ ಅವನ ಕಾರ್ಡಿನ ಅವಧಿ ಮುಗಿದು, ಬದಲಿಗೆ ಕೊಟ್ಟ ಮಡಚಿದ ತಾತ್ಕಾಲಿಕ ಕಾಗದ ಹಿಡಿದುಕೊಂಡು ದೇಶ ಬಿಟ್ಟು ಹೋಗದಿರುವುದೇ ಒಳ್ಳೆಯದು ಎಂದು ಕೌಂಟರಿನ ಹೆಂಗಸು ಸಲಹೆ ಕೊಟ್ಟಳು. ಟಿಕೆಟುಗಳು ರದ್ದಾದವು. ರಾಮದಾಸ್ ಎರಡು ದಿನ ತರಬೇತಿಗೆ ಹೋಗಿ ಬಂದ. ತಿಂಗಳ ಸಭೆಯಲ್ಲಿ ಡೆಟ್ಮರ್ ಎಲ್ಲರೆದುರು, ತನ್ನ ತಪ್ಪನ್ನು ತಾನೇ ಬಂದು ಹೇಳುವವರು ಇರುವ ಕಡೆ ಮಾತ್ರ ಇಂಥ ಹಡಗುಗಳ ಕೆಲಸ ಮಾಡಲು ಸಾಧ್ಯ ಎಂದು ಅವನತ್ತ ಕೈ ತೋರಿಸಿದರು. ಮೇಜುಗಳ ಮೇಲೆ ಗೆಣ್ಣಿನಿಂದ ಬಡಿದು ಎಲ್ಲರೂ ಮೆಚ್ಚುಗೆ ತೋರಿಸಿದರು. ಸ್ಯಾವಿಯೊನೂ ಬಡಿದ. ಆಮೇಲಿನ ಎಲ್ಲ ಹಾಳೆಗಳನ್ನು ರಾಮದಾಸ್ ಸಾಲು ಸಾಲಾಗಿ ಓದಿದ, ಸ್ಯಾವಿಯೊನ ಎದುರೇ ಅವನ ಕೆಲಸವನ್ನು ಮತ್ತೆ ಅಳೆದ. ಒಮ್ಮೆಯೂ ಬಿಡಲಿಲ್ಲ. ಟ್ರಾಮಿನಲ್ಲಿ ಸ್ಯಾವಿಯೊ ಎಲ್ಲಿ ಕೂರುತ್ತಾನೆಂದು ನೋಡುವುದನ್ನು ಬಿಟ್ಟ.

ಆದರೂ ಜನವರಿಯ ಆ ದಿನ ಶರ್ಲಿಯೇ ಫೋನ್ ಮಾಡಿ ಕರೆದಳು. ಮಂಗಳೂರಿನ ಚರ್ಚಿನಿಂದ ಮದುವೆಯನ್ನು ನೇರವಾಗಿ ಕಳಿಸುತ್ತಾರೆ, ಟಿವಿಯಲ್ಲಿ ನೋಡುವ, ಇವರೊಬ್ಬರೇ ಕೂತರೆ ನನಗೆ ನೋಡಲಿಕ್ಕಾಗುವುದಿಲ್ಲ ಎಂದಳು. ಇಲ್ಲಿ ಬೆಳಿಗ್ಗೆ ಹನ್ನೊಂದೂವರೆ, ಅಲ್ಲಿ ಸಂಜೆ ನಾಲ್ಕು. ಶರ್ಲಿ ಸೀರೆ ಉಟ್ಟಿದ್ದಳು. ಸ್ಯಾವಿಯೊ ಮದುವೆಗೆಂದು ಹೊಲಿಸಿದ್ದ ಕೋಟನ್ನು ಪೈಜಾಮದ ಮೇಲೆ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದ. ಚಿತ್ರ ಆಗಾಗ ನಿಂತುಹೋಗುತ್ತಿತ್ತು. ನಿಂತಾಗಲೆಲ್ಲ ತಂಗಿಯ ಮುಖ ಅರ್ಧ ತೆರೆದ ಬಾಯಿಯೊಂದಿಗೆ ಹಾಗೆಯೇ ಉಳಿಯುತ್ತಿತ್ತು. ಸ್ಯಾಂಡ್ರಾ ನಾವು ಯಾಕೆ ಅಲ್ಲಿಲ್ಲ ಎಂದು ಜರ್ಮನಿನಲ್ಲಿ ಕೇಳಿದಳು. ಪಪ್ಪನಿಗೆ ಕೆಲಸ ಉಂಟು ಎಂದು ಶರ್ಲಿ ಕನ್ನಡದಲ್ಲಿ ಹೇಳಿ ಅಡುಗೆಮನೆಗೆ ಹೋದಳು. ಮಗು ಅವಳ ಹಿಂದೆಯೇ ಓಡಿತು. ಇಬ್ಬರೇ ಉಳಿದರು.

"ಒಂದು ಕೇಳ್ತೇನೆ," ಸ್ಯಾವಿಯೊ ಹೇಳಿದ. ಅವನ ಕಣ್ಣು ಟಿವಿಯ ಮೇಲೇ ಇತ್ತು. "ಸಿಟ್ಟಿಲ್ಲ ನಂಗೆ. ಹೋಗಿ ಹೇಳಿದ್ದಕ್ಕೂ ಸಿಟ್ಟಿಲ್ಲ. ಆ ದಿನ ಸಹಿ ಹಾಕುವಾಗ ನೀನು ನೋಡಿದ್ರೆ ನಂಗೆ ಹೇಳ್ತಿದ್ದೆ, ಅಲ್ವಾ? ಹೇಳಿದ್ರೆ ನಾನು ಜಾಕೀಟು ತೆಗೆದಿಟ್ಟು ಮಾಡ್ತಿದ್ದೆ. ಐದು ನಿಮಿಷದ ಕೆಲಸ ಮಾರಾಯ."

"ಹೇಳ್ತಿದ್ದೆ," ಎಂದ ರಾಮದಾಸ್.

ಸ್ಯಾವಿಯೊ ತಲೆಯಾಡಿಸಿದ. ಹಾಗೇ ಅಂದುಕೊಂಡಿದ್ದೆ ಎಂದ. ಟಿವಿಯಲ್ಲಿ ಚಿತ್ರ ಮತ್ತೆ ಚಲಿಸಿತು, ಎಲ್ಲರೂ ಎದ್ದು ನಿಂತಿದ್ದರು.

ರಾಮದಾಸ್ ಆ ದಿನ ಎರಡು ಸಾಲನ್ನೂ ನೋಡಿದ್ದ. ಎರಡೂ ಒಂದೇ ಎಂದು ತಿಳಿದೇ ಸಹಿ ಹಾಕಿದ್ದ. ಅದನ್ನು ಅವನು ಡೆಟ್ಮರ್ ಅವರಿಗೆ ಹೇಳಲಿಲ್ಲ, ಸ್ಯಾವಿಯೊನಿಗೂ ಎಂದೂ ಹೇಳಲಿಲ್ಲ.